ಕುಂಕುಮವಿಟ್ಟ ಕಿನ್ನರಿಯರು

ದೇವರ ಗೂಡು ಒರೆಸುತ್ತಿದ್ದೆ. ಫೋಟೋಗಳ ಹಿಂದೆ, ಕರ್ಪೂರದ ವಾಸನೆ ಹಿಡಿದ ಒಂದು ಕಾರ್ಡು ಸಿಕ್ಕಿತು. ತೆಳ್ಳನೆ ರೆಕ್ಕೆಯ ಕಿನ್ನರಿಯೊಬ್ಬಳು ಅಣಬೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಹಣೆಯಲ್ಲಿ ಕಾಸಿನಗಲ ಕುಂಕುಮ. ಕುಂಕುಮ ಚಿತ್ರ ಬರೆದವರದ್ದಲ್ಲ, ನಮ್ಮಮ್ಮನದ್ದು. ಯಾಕಿಟ್ಟಳು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳಿ, ನಿಮಗಾದರೂ ಗೊತ್ತಾದೀತು.

ಇಂಥ ಕಾರ್ಡುಗಳ ಕಟ್ಟೊಂದನ್ನು ವಿಜಯನಗರದ ನಮ್ಮ ಮನೆಗೆ ತಂದವಳು ನಾನೇ. ಆಫೀಸಿನ ಗೆಳತಿ ಹುಟ್ಟುಹಬ್ಬಕ್ಕೆ ಕೊಟ್ಟಿದ್ದಳು. ಮನಸ್ಸಿನಲ್ಲೊಂದು ಪ್ರಶ್ನೆ ಇಟ್ಟುಕೊಂಡು, ಕಾರ್ಡು ಕಲೆಸಿ, ಒಂದನ್ನು ಎಳೆಯಬೇಕು. ಅದರಲ್ಲಿರುವ ಕಿನ್ನರಿ ದಾರಿ ತೋರಿಸುತ್ತಾಳಂತೆ. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದ್ದರಿಂದ ಮೆಟ್ರೋದಲ್ಲಿ ಹೋಗಲೋ ಬಸ್ಸಿನಲ್ಲಿ ಹೋಗಲೋ ಎಂಬಂಥದ್ದನ್ನು ಮಾತ್ರ ಕೇಳುತ್ತಿದ್ದೆ. 'ನದಿಯ ಮಾತು ಆಲಿಸು' ಎಂದು ಬರುತ್ತಿತ್ತು. ನಮ್ಮ ಕಡೆ ಇರುವ ನದಿ ಊರಿನ ಚರಂಡಿ ನೀರೆಲ್ಲ ಹರಿಯುವ ವೃಷಭಾವತಿ. ಮೂಗು ಮುಚ್ಚಿಕೊಂಡು ಬಸ್ಸಿಗೇ ಹೋಗುತ್ತಿದ್ದೆ.

ನಿಜವಾದ ಪ್ರಶ್ನೆ ಇದ್ದದ್ದು ಅತ್ತಿಗೆಗೆ. ಅಣ್ಣ ತೀರಿಕೊಂಡ ಮೇಲೂ ಅವರು ನಮ್ಮ ಜೊತೆಗೇ ಇದ್ದರು, ಅಮ್ಮನ ರೂಮಿನಲ್ಲೇ ಮಲಗುತ್ತಿದ್ದರು. ಅವರ ಸ್ಕೂಲಿನಲ್ಲಿ ಪಾಠ ಮಾಡುವ ಧಾರವಾಡ ಕಡೆಯ ಪಾಟೀಲರು, ಹೆಂಡತಿಯನ್ನು ಕಳೆದುಕೊಂಡವರು, ಒಂದು ಸಂಜೆ ಬಸ್‌ಸ್ಟಾಪಿನಲ್ಲಿ "ನಾವಿಬ್ರೂ ಮದುವಿ ಆಗೂಣೇನ್ರಿ? ಅವಸರ ಇಲ್ಲ, ವಿಚಾರ ಮಾಡಿ ಹೇಳ್ರಿ" ಅಂದುಬಿಟ್ಟಿದ್ದರು. ಅತ್ತಿಗೆಗೆ ಮನಸ್ಸಿತ್ತು. "ಅತ್ತೆನ ಬಿಟ್ಟು ಹೇಗೆ ಹೋಗ್ಲೇ? ಮಗ ಅಂತೂ ಇಲ್ಲ, ಈಗ ನಾನೂ ಹೊರಟ್ರೆ?" ಎಂದು ನನ್ನ ಹತ್ತಿರ ಒದ್ದಾಡುತ್ತಿದ್ದರು. ಅಮ್ಮನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಕಿನ್ನರಿಯನ್ನು ಕೇಳುವುದೆಂದಾಯಿತು.

ಅತ್ತಿಗೆ ಸ್ನಾನ ಮಾಡಿ, ದೀಪ ಹಚ್ಚಿ, ದೇವರಲ್ಲಿ ಹೂಪ್ರಸಾದ ಕೇಳುವಷ್ಟೇ ಭಕ್ತಿಯಿಂದ ಕಾರ್ಡು ಎಳೆಯುವರು. ಬೇಡದ್ದು ಬಂದರೆ "ಸರಿಯಾಗಿ ಕೇಳಲಿಲ್ಲ ಅನ್ಸತ್ತೆ" ಎಂದು ಮತ್ತೊಂದು. ಬೇಕಾದದ್ದು ಬಂದರೆ ಹೆದರಿಕೊಂಡು ಇನ್ನೊಂದು. ನಮಗಿಂತ ಆ ಕಿನ್ನರಿಯರಿಗೇ ಗೊಂದಲವಾಗಿರಬೇಕು. ಅಮ್ಮ ಹೂ ಕಟ್ಟುತ್ತಾ ನೋಡುತ್ತಿದ್ದಳು.

"ಯಾವ ದೇವರೇ ಇವಳು? ವಾಹನ ಯಾವ್ದು?"

"ರೆಕ್ಕೆ ಇದೆಯಲ್ಲಮ್ಮ, ವಾಹನ ಯಾಕೆ?" ಅಂದೆ.

ಅಮ್ಮ ಆ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

ಮಾರನೇ ದಿನ ಶುಕ್ರವಾರ. ಪೂಜೆ ಮುಗಿಸಿ, ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಕುಂಕುಮವನ್ನು ಎಣ್ಣೆಯಲ್ಲಿ ಕಲೆಸಿ, ಅಮ್ಮ ಒಬ್ಬೊಬ್ಬ ಕಿನ್ನರಿಯ ಹಣೆಗೂ ಇಟ್ಟಳು. ನಾನು ಕೂಗಾಡಿದೆ.

"ಎಲ್ಲಾರ್ದೂ ಬರೀ ಹಣೆ ಕಣೇ. ನೋಡಕ್ಕಾಗಲ್ಲ" ಅಂದಳು.

ಅತ್ತಿಗೆ ಕಾರ್ಡುಗಳನ್ನು ಒಟ್ಟು ಮಾಡಿ, ಆ ದಿನದ್ದನ್ನು ಎಳೆದರು. ಎಣ್ಣೆಗೆ ಅಂಟಿಕೊಂಡು ಎರಡು ಒಟ್ಟಿಗೇ ಬಂದವು. ಒಂದರಲ್ಲಿ 'ಹೊರಡು' ಎಂದಿತ್ತು, ಇನ್ನೊಂದರಲ್ಲಿ 'ಕಾದಿರು'. ಅತ್ತಿಗೆಯ ಕಣ್ಣು ತುಂಬಿಬಂತು.

ಅಣ್ಣ ಹೋದಾಗಿನಿಂದ ಅತ್ತಿಗೆ ಹಣೆಗೆ ಏನೂ ಇಡುತ್ತಿರಲಿಲ್ಲ. ಇಡಬೇಡ ಎಂದವರಿಲ್ಲ, ಇಡು ಎಂದವರೂ ಇಲ್ಲ. ಅಮ್ಮ ತನ್ನ ಬೆರಳು ನೋಡಿಕೊಂಡಳು. "ಇಲ್ಲಿ ಬಾರಮ್ಮ" ಎಂದು ಕರೆದು, ಆ ಬೆರಳನ್ನು ಅತ್ತಿಗೆಯ ಹಣೆಗೆ ಒತ್ತಿ, ಬಟ್ಟಲು ತೊಳೆಯಲು ಎದ್ದುಹೋದಳು. ಅತ್ತಿಗೆ ಅದನ್ನು ಒರೆಸಿಕೊಳ್ಳಲಿಲ್ಲ. ಅಳು ನಿಂತ ಮೇಲೆ ಪಾಟೀಲರಿಗೆ ಫೋನ್ ಮಾಡಿದರು.

ಅಮ್ಮನಿಗೆ ವಿಷಯ ಗೊತ್ತಿತ್ತೋ? ಗೊತ್ತಿದ್ದರೆ ಯಾರು ಹೇಳಿದರು? ಇವತ್ತು ಕಾರ್ಡು ಹಿಡಿದುಕೊಂಡೇ ಹೋಗಿ, ಅವತ್ತು ಅತ್ತಿಗೆಯ ಹಣೆಗೆ ಯಾಕಿಟ್ಟೆ ಎಂದು ಕೇಳಿದೆ.

"ಬೆರಳಲ್ಲಿ ಮಿಕ್ಕಿತ್ತು ಕಣೇ. ವೇಸ್ಟ್ ಯಾಕೆ ಅಂತ ಇಟ್ಟೆ" ಅಂದಳು ಅಮ್ಮ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. ಕೈಯಲ್ಲಿ ಬಟ್ಟೆಯ ಬ್ಯಾಗು. ರಾಜರಾಜೇಶ್ವರಿನಗರದಲ್ಲಿ ಅತ್ತಿಗೆ ಮತ್ತು ಪಾಟೀಲರ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲು ಹೊರಟಿದ್ದಳು.

ಗೇಟಿನ ಹತ್ತಿರ ಪಕ್ಕದ ಮನೆಯ ಆಂಟಿ "ಎಲ್ಲಿಗೆ ಹೊರಟ್ರಿ?" ಅಂದರು.

"ಮಗಳ ಮನೆಗೆ" ಅಂದಳು ಅಮ್ಮ.

ಇದ್ದೊಬ್ಬ ಮಗಳು ನಾನು ಇಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದೇನೆ. ಕಿನ್ನರಿಯ ಮುಖ ನೋಡಿದೆ. ಗೂಡು ಒರೆಸಿ ಮುಗಿಸಿ, ಅವಳನ್ನು ಈ ಸಲ ಫೋಟೋಗಳ ಮುಂದೆಯೇ ಇಟ್ಟೆ.