ಹೆಕ್ಟೇರ್ ಅಂದರೆ ಎಕರೆ

ಸರ್ರ್... ಸತುವಿನ ಬಕೆಟ್ಟಿಗೆ ಯೂರಿಯಾ ಸುರಿಯುವ ಸದ್ದು. ಮೊನ್ನೆ ಕೊಪ್ಪಳದ ನಮ್ಮ ಅಡುಗೆಮನೆಯಲ್ಲಿ ಸೊಸೆ ಸ್ಟೀಲ್ ಡಬ್ಬಿಗೆ ಸಾಬುದಾಣಿ ಸುರಿದಳು. ಥೇಟ್ ಅದೇ ಸದ್ದು. ಸಿಲ್ಲಿ ಅನ್ನಿಸಬಹುದು, ಆದರೆ ಆ ಸದ್ದಿನ ಹಿಂದೆಯೇ ಹಳೆಯ ಊರಿನ ಎದುರುಮನೆಯ ಚಿಗವ್ವ ಬಂದು ನಿಲ್ಲುತ್ತಾಳೆ.

ಆಗ ನನ್ನ ಯಜಮಾನರು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಪೋಸ್ಟ್‌ಮಾಸ್ಟರ್. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಾಗುವ ಹಾಗೆ ನಾನೂ ನಡೆದುಕೊಳ್ಳುತ್ತಿದ್ದೆ. ಚಿಗವ್ವ ನಮ್ಮ ನೆಂಟಳಲ್ಲ, ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಬಾವಿಯ ನೀರಿದ್ದ ಒಂದು ಎಕರೆ ಎರೆಹೊಲದಲ್ಲಿ ಅವಳು ಜವೆ ಗೋಧಿ ಬೆಳೆಯುತ್ತಿದ್ದಳು. ಅವಳ ತವರಿನ ಬೀಜ ಅದು. ಹಿಂದಿನ ವರ್ಷ ಬೆಳೆ ಸರಿಬರದೆ, ಉಳಿದ ಬೀಜವನ್ನೆಲ್ಲ ಆ ಸಲ ಬಿತ್ತಿಬಿಟ್ಟಿದ್ದಳು. ಮನೆಯಲ್ಲಿ ಮತ್ತೊಂದು ಹಿಡಿ ಇರಲಿಲ್ಲ. ತಿಪ್ಪೆಗೊಬ್ಬರ ಬಿಟ್ಟು ಬೇರೇನೂ ಕಾಣದ ಆ ಹೊಲಕ್ಕೆ ಮೊದಲ ಬಾರಿ 'ಸರಕಾರಿ ಗೊಬ್ಬರ', ಅಂದರೆ ಯೂರಿಯಾ, ಹಾಕಲು ಮನಸ್ಸು ಮಾಡಿ, ಅಂಗಡಿಯವನು ಕೊಟ್ಟ ಇಂಗ್ಲಿಷ್ ಲೀಫ್‌ಲೆಟ್ ಹಿಡಿದು ನನ್ನ ಬಳಿ ಬಂದಳು.

"ಎಷ್ಟು ಹಾಕ್ಬೇಕಂತ ಐತಿ, ಓದಿ ಹೇಳ ತಂಗೆವ್ವ. ಕಡಿಮಿನೂ ಬ್ಯಾಡ, ಹೆಚ್ಚೂ ಬ್ಯಾಡ. ಬೀಜ ಇದ್ದದ್ದ ಇಷ್ಟು."

ಕಿಲೋ ಲೆಕ್ಕವನ್ನು ಚೀಲಕ್ಕೆ ಇಳಿಸಿ, "ಎರಡೂವರಿ ಚೀಲ" ಎಂದೆ. ಅಲ್ಲಿದ್ದದ್ದು 'ಪರ್ ಹೆಕ್ಟೇರ್'. ಸೇರು ಹೋಗಿ ಕಿಲೋ ಬಂದ ಹಾಗೆ, ಎಕರೆಗೆ ಬಂದ ಹೊಸ ಹೆಸರು ಹೆಕ್ಟೇರ್ ಎಂದುಕೊಂಡಿದ್ದೆ. ಯಾರನ್ನಾದರೂ ಕೇಳಬಹುದಿತ್ತು... ಕೇಳಲಿಲ್ಲ.

ಗೋಧಿ ಕಪ್ಪುಹಸಿರಾಗಿ, ಸೊಂಟ ದಾಟಿ ಬೆಳೆಯಿತು. ಒಂದು ಸಂಜೆ ಮಗಳ ಗಣಿತದ ಪುಸ್ತಕ ತಿರುವುತ್ತಿದ್ದೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಚಿಗವ್ವನ ಹೊಲಕ್ಕೆ ಒಂದೇ ಚೀಲ ಸಾಕಿತ್ತು. ಅಷ್ಟರಲ್ಲಿ ಚೀಲಗಳೆಲ್ಲ ಖಾಲಿಯಾಗಿದ್ದವು.

ಗೊಬ್ಬರ ಹೆಚ್ಚಾದ ಪೈರು ಮೆತ್ತಗೆ ಬೆಳೆದು ಗಾಳಿಗೆ ಮಲಗಿಬಿಡುತ್ತದಂತೆ; ಅಂದಿನಿಂದ ಗಾಳಿ ಎದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಚಿಗವ್ವನ ಮೈದುನ ಬೇರೆ ಕಟ್ಟೆಯ ಮೇಲೆ ಕೂತು ಕೆಣಕುತ್ತಿದ್ದ: "ಏನ್ ವೈನಿ, ಗೋಧಿ ಬೆಳ್ಯಾಕ ಹತ್ತೀರೋ, ಎಮ್ಮಿಗೆ ಮೇವು ಬೆಳ್ಯಾಕ ಹತ್ತೀರೋ?"

"ನಿನಗೂ ಒಂದು ಸಿವುಡು ಹಾಕ್ತೀನಿ ಬಾರಪಾ, ಮೇಯುವಂತಿ" ಎಂದು ಅವಳು ನಗುತ್ತಿದ್ದಳು. ನಾನೂ ನಕ್ಕೆ. ಹೇಳಿಬಿಡಬೇಕೆಂದು ದಿನಾ ಅವಳ ಬಾಗಿಲವರೆಗೆ ಹೋಗಿ, ಮೊಸರು ಕೇಳಿಕೊಂಡು ವಾಪಸ್ ಬರುತ್ತಿದ್ದೆ.

ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಒಂದೇ ಒಂದು ಗಾಳಿ ಬೀಸಿತು. ಹೊಲಕ್ಕೆ ಹೊಲವೇ ಚಾಪೆ ಹಾಸಿದಂತೆ ಮಲಗಿತು. ಚಿಗವ್ವ ಬದುವಿನ ಮೇಲೆ ನಿಂತು, "ಹೊಟ್ಟಿ ಬಿರಿಯೂವಂಗ ಉಂಡು ಮಲಗೈತಿ ನೋಡು" ಎಂದಳು. ಆ ಸಲ ಬಂದದ್ದೆಲ್ಲ ಜೀರಿಗೆಯಂಥ ಸೊಟ್ಟ ಕಾಳು. ಮೊರದಲ್ಲಿ ಕೇರಿ ಕೇರಿ ಹುಡುಕಿದರೂ ಬೀಜಕ್ಕೆ ಬರುವಂಥದ್ದು ಸಿಗಲಿಲ್ಲ.

"ನನ್ನ ಕೈನ ಭಾರ ಆತು. ತಂಗೆವ್ವ ಸರೀನ ಓದಿ ಹೇಳಿದ್ಲು" ಎಂದು ಕೇಳಿದವರಿಗೆಲ್ಲ ಹೇಳಿದಳು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಅವಳು ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಸಾರಿ ಎನ್ನಲು ಈಗ ಯಾರೂ ಇಲ್ಲ, ಆ ಗೋಧಿಯೂ ಇಲ್ಲ.

ವರ್ಗವಾಗಿ ನಾವು ಊರು ಬಿಟ್ಟ ಮೇಲೆ ಅವಳನ್ನು ಕೊನೆಯ ಸಲ ನೋಡಿದ್ದು ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ. ತಾವರಗೇರಾ ಬಸ್ಸಿಗೆ ಕಾಯುತ್ತಿದ್ದವಳು ನನ್ನನ್ನು ಕಂಡವಳೇ ಮುಖ ಅರಳಿಸಿ, ಚೀಲದಿಂದ ಗುಳಿಗೆಯ ಹಾಳೆ, ಡಾಕ್ಟರ ಚೀಟಿ ತೆಗೆದಳು. "ಎಷ್ಟು ತಗೋಬೇಕಂತ ಬರದಾರ, ಓದವ್ವಾ. ನೀ ಹೇಳಿದ್ರ ನನಗ ಧೈರ್ಯ."

ಮೂರು ಸಲ ಓದಿದೆ. "ಚಿಗವ್ವಾ, ಆ ಗೋಧಿ..." ಎನ್ನುವಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. "ಮುಂಜಾನೆ ಒಂದ ಗುಳಿಗಿ! ಡಾಕ್ಟರನ್ನ ಇನ್ನೊಮ್ಮೆ ಕೇಳ್ರಿ!" ಎಂದು ಕೂಗಿದೆ.

"ನೀ ಓದಿದ ಮ್ಯಾಲೆ ಡಾಕ್ಟರ್ ಯಾಕವ್ವಾ?" ಎಂದು ನಗುತ್ತ ಹತ್ತಿ ಹೋದಳು. ಬಸ್ಸು ತಿರುಗುವಾಗ ಕಿಟಕಿಯಿಂದ ಕೈ ಹೊರಗೆ ಚಾಚಿ, ನನಗೆ ಕಾಣುವ ಹಾಗೆ ಒಂದು ಬೆರಳು ಎತ್ತಿ ಹಿಡಿದಿದ್ದಳು.