ಕಮಲಾಪುರದ ಉಸ್ತಾದ್, ಕೊಯಮತ್ತೂರಿನ ಉತ್ತರ

ಬೆಳಗಿನ ಆರು ಗಂಟೆ. ಕಮಲಾಪುರ ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನ ಮುಂದೆ ಜಹೀರುದ್ದೀನ್ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎದುರಿಗೆ ಗಡಗಡ ಅನ್ನುತ್ತಿರುವ ಒಂದು ಮೊಪೆಡ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಕೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದಾರೆ. ಕೆಂಪು ಬಾಳೆಗೊನೆ ಹೇರಿಕೊಂಡ ಟೆಂಪೊ ಹಿಂದಿನಿಂದ ಹಾರ್ನ್ ಹೊಡೆಯುತ್ತದೆ. ಕಣ್ಣು ತೆರೆಯದೆಯೇ ಕೈ ಎತ್ತುತ್ತಾರೆ. “ಡಾಕ್ಟರ್ ಎದಿ ನೋಡೋ ಮುಂದ ಯಾರರ ಹಾರ್ನ್ ಹೊಡೀತಾರೇನ್ರಿ?”

ಐವತ್ತೆರಡರ ಈ ಮೆಕ್ಯಾನಿಕ್ ಊರಿಗೆಲ್ಲ ಜಹೀರ್ ಉಸ್ತಾದ್. ಅಪ್ಪ ಗಾದಿ ಹೊಲಿಯುತ್ತಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಕಲಬುರಗಿಯ ಗಾಜಿಪುರದ ಗ್ಯಾರೇಜಿನಲ್ಲಿ ಹತ್ತು ವರ್ಷ ಕೆಲಸ ಕಲಿತು, ಇನ್ನೂ ಕೆಲವು ವರ್ಷ ಅಲ್ಲೇ ದುಡಿದು, 1983ರಲ್ಲಿ ಇಲ್ಲಿ ಶೆಡ್ ಹಾಕಿದರು. ಇಪ್ಪತ್ಮೂರು ವರ್ಷಗಳಿಂದ ದಿನಕ್ಕೆ ಹತ್ತು ಹನ್ನೆರಡು ಗಾಡಿ. ಶುಕ್ರವಾರ ಮಧ್ಯಾಹ್ನವಷ್ಟೇ ಬಿಡುವು. ಉರ್ದು ಓದುತ್ತಾರೆ, ಕನ್ನಡ ಕೂಡಿಸಿಕೊಂಡು ಓದುತ್ತಾರೆ. “ಇಂಗ್ಲಿಷ್ ಅಂದ್ರ ನನಗ ನಟ್ ಬಿಚ್ಚೋ ಪಾನಾದ ಮ್ಯಾಲಿನ ನಂಬರ್ ಅಷ್ಟೇ ರೀ.”

ಅಂಥವರು ಈಗ ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಅದಕ್ಕೆ ಕಾರಣ ಪಶು ಆಸ್ಪತ್ರೆಯ ಕಾಂಪೌಂಡರ್ ಮಲ್ಕಪ್ಪನವರ ಬೈಕು.

1981ರ ಗಾಡಿ ಅದು. ಅದನ್ನು ಮಾಡಿದ ಕಂಪನಿಯೇ ಮುಚ್ಚಿ ಹೋಗಿದೆ. ಹಳ್ಳಿ ಹಳ್ಳಿಗೆ ದನ ನೋಡಲು ಹೋಗುವ ಮಲ್ಕಪ್ಪನವರಿಗೆ ಅದೇ ಕೈಕಾಲು. ಹೋದ ವರ್ಷ ಅದು ಒಲೆಯಂತೆ ಹೊಗೆ ಉಗುಳಲು ಶುರು ಮಾಡಿತು. ಹದಿನೈದು ಕಿಲೋಮೀಟರ್ ಓಡುವಷ್ಟರಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಎಣ್ಣೆ ಹತ್ತಿ ಎಂಜಿನ್ ಬಂದ್. ಉಸ್ತಾದ್ ಪಿಸ್ಟನ್ ರಿಂಗ್ ಬದಲಿಸಿದರು, ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿ ತೊಳೆದರು. ಹೊಗೆ ಮಾತ್ರ ನಿಲ್ಲಲಿಲ್ಲ. ಒಂದು ದಿನ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂದಾಗ ಗಾಡಿ ದಾರಿಯಲ್ಲೇ ನಿಂತಿತು. ಮಲ್ಕಪ್ಪ ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಹೋದರು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ.

“ಅವರು ನನಗ ಒಂದು ಮಾತೂ ಬೈಲಿಲ್ರಿ. ಗುಜರಿಗಿ ಹಾಕ್ತೀನಿ ಉಸ್ತಾದ್ ಅಂದ್ರು, ಅಷ್ಟೇ. ಬೈದಿದ್ರ ಛಲೋ ಇತ್ತು,” ಎನ್ನುತ್ತಾರೆ ಜಹೀರುದ್ದೀನ್. ಅವರು ಎಂಟು ದಿನದ ಗಡುವು ಕೇಳಿಕೊಂಡರು.

ಅಕ್ಕನ ಮಗಳು ನೂರಜಹಾನ್ ಗಾಜಿಪುರದಲ್ಲಿ ಇಂಟರ್ನೆಟ್ ಸೆಂಟರ್ ನಡೆಸುತ್ತಾರೆ. ಹಳೆ ಬೈಕುಗಳ ಹುಚ್ಚಿನವರು ಇಂಟರ್ನೆಟ್ಟಿನಲ್ಲಿ ಒಂದು ಫೋರಂ ಕಟ್ಟಿಕೊಂಡಿದ್ದಾರೆ, ಒಬ್ಬರು ಪ್ರಶ್ನೆ ಹಾಕಿದರೆ ಯಾವುದೋ ಊರಿನವರು ಉತ್ತರ ಹೇಳುತ್ತಾರೆ ಎಂದು ತಿಳಿಸಿದವರು ಅವರೇ. ಮಾಮು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಯೂ ಕೊಟ್ಟರು: ಗಾಡಿ ಬಹಳ ಹೊಗೆ ಕೊಡುತ್ತಿದೆ, ಅರ್ಜೆಂಟ್, ಸಹಾಯ ಮಾಡಿ. ಎಲ್ಲವೂ ದೊಡ್ಡಕ್ಷರ, ಕೊನೆಗೆ ಆರು ಆಶ್ಚರ್ಯ ಚಿಹ್ನೆ.

ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಒಬ್ಬ ಬರೆದ: ಒದರಬೇಡಿ.

“ನಾ ಎಲ್ಲಿ ಒದರೀನಿ ಬೇಟಾ, ಬಾಯಿನೇ ತೆರೆದಿಲ್ಲ ಅಂದೆ,” ಎಂದು ಉಸ್ತಾದ್ ನಗುತ್ತಾರೆ. ದೊಡ್ಡಕ್ಷರದಲ್ಲಿ ಬರೆದರೆ ಅಲ್ಲಿ ಕೂಗಿದಂತೆ ಎಂದು ನೂರಜಹಾನ್‌ಗೆ ಗೊತ್ತಾದದ್ದೂ ಆಗಲೇ. ಇನ್ನೊಬ್ಬ, ಗಾಡಿ ಮಾರಿಬಿಡಿ ಎಂದ. ಮತ್ತೊಬ್ಬ, ಎಂಜಿನ್ನೇ ಬದಲಿಸಿ ಎಂದ. ಕೊಯಮತ್ತೂರಿನ ಒಬ್ಬ ನಿವೃತ್ತ ಲೇತ್ ಟರ್ನರ್ ಮಾತ್ರ ಉತ್ತರ ಹೇಳದೆ ಪ್ರಶ್ನೆ ಕೇಳಿದರು. ಯಾವ ವರ್ಷದ ಗಾಡಿ? ಈವರೆಗೆ ಏನೇನು ಬದಲಿಸಿದಿರಿ? ಪ್ಲಗ್ ಹೇಗೆ ಕಾಣುತ್ತದೆ? ಗೇರ್ ಆಯಿಲ್ ಕಡಿಮೆಯಾಗುತ್ತಿದೆಯೇ?

“ಕೇಳಲಾರದೇ ಔಷಧ ಕೊಡೋನು ಡಾಕ್ಟರ್ ಅಲ್ರಿ. ಇವರು ಕೇಳಿದ್ರು. ಇವರು ಕೆಲಸಗಾರ ಅಂತ ಗೊತ್ತಾತು,” ಎನ್ನುತ್ತಾರೆ ಉಸ್ತಾದ್.

ಮಾಮು, ಸೋದರಸೊಸೆ ಮತ್ತೆ ಕುಳಿತು ಎಲ್ಲವನ್ನೂ ಬರೆದರು. ಮದುವೆ ಫೋಟೊ ತೆಗೆಯುವ ಸ್ಟುಡಿಯೋದಲ್ಲಿ ಪ್ಲಗ್ಗನ್ನು ಬಿಳಿ ಕರವಸ್ತ್ರದ ಮೇಲೆ ಕೂರಿಸಿ ಫೋಟೊ ಹೊಡೆಸಿದರು. ಗೇರ್ ಆಯಿಲ್ಲಿನ ಪ್ರಶ್ನೆಗೆ ಉತ್ತರ ಹುಡುಕಲು ಜಹೀರುದ್ದೀನ್ ಎಣ್ಣೆ ಅಳೆದು ತುಂಬಿ, ಜೇಬಿಗೆ ನಾಲ್ಕು ಬದಲಿ ಪ್ಲಗ್ ಹಾಕಿಕೊಂಡು ಆ ಬೈಕಿನಲ್ಲೇ ಕಲಬುರಗಿಗೆ ಹೋಗಿ ಬಂದರು. ಮಹಾಗಾಂವ್ ಕ್ರಾಸಿನಲ್ಲಿ ಹೋಗುವಾಗಲೂ ಬರುವಾಗಲೂ ಗಾಡಿ ನಿಂತಿತು. ಶೆಡ್ಡಿಗೆ ಬಂದು ಎಣ್ಣೆ ಇಳಿಸಿ ಅಳೆದರೆ ಒಂದು ಚಹಾ ಕಪ್ಪಿನಷ್ಟು ಕಡಿಮೆ. ನೆಲಕ್ಕೆ ಪೇಪರ್ ಹಾಸಿ ನೋಡಿದರೆ ಒಂದು ಹನಿಯೂ ಸೋರಿಲ್ಲ.

“ಅಂದ್ರ ಎಂಜಿನ್ನೇ ಒಳಗಿಂದೊಳಗ ಗೇರ್ ಆಯಿಲ್ ಕುಡೀಲಾಕತ್ತದ! ಗೇರಿಗೂ ಎಂಜಿನ್ನಿಗೂ ನಡುವ ಒಂದು ರಬ್ಬರ್ ಸೀಲ್ ಇರ್ತದ್ರಿ, ಅದು ಹರದಿತ್ತು. ನಾ ಮ್ಯಾಲಿಂದೆಲ್ಲಾ ಬಿಚ್ಚೀನಿ, ಅದರ ಕಡಿ ನೋಡೇ ಇಲ್ಲ.”

ಅಂಥ ಸೀಲ್ ಯಾವ ಅಂಗಡಿಯಲ್ಲೂ ಇರಲಿಲ್ಲ. ಗಾಡಿ ಹೆಸರು ಹೇಳಬೇಡಿ, ಅಳತೆ ಹೇಳಿ ಕೇಳಿ, ಪೆಟ್ರೋಲಿಗೆ ಉಬ್ಬದ ರಬ್ಬರೇ ಬೇಕೆನ್ನಿ ಎಂದು ಕೊಯಮತ್ತೂರಿನಿಂದ ಸಲಹೆ ಬಂತು. ಕಲಬುರಗಿಯ ಕಪನೂರದಲ್ಲಿ ಕಾರ್ಖಾನೆಗಳಿಗೆ ಬೇರಿಂಗ್ ಮಾರುವವರ ಬಳಿ ಅದೇ ಅಳತೆಯದು ಸಿಕ್ಕಿತು. ಮರುದಿನ ಕ್ಲಚ್ ಬಿಚ್ಚಿ ಕೂರಿಸಿದರು. ಏಳನೇ ದಿನ ಮಲ್ಕಪ್ಪ ಕಲಬುರಗಿ ಮುಟ್ಟಿ ಫೋನ್ ಮಾಡಿದರು: “ಉಸ್ತಾದ್, ಹಿಂದ ತಿರುಗಿ ತಿರುಗಿ ನೋಡಿ ಕುತ್ತಿಗಿ ನೋವಾತು. ಹೊಗಿನೇ ಇಲ್ಲ!”

ಅಂದೇ ಮಧ್ಯಾಹ್ನದ ಬಸ್ಸಿಗೆ ಜಹೀರುದ್ದೀನ್ ಗಾಜಿಪುರಕ್ಕೆ ಹೋದರು. ಏನಾಗಿತ್ತು, ಏನು ಮಾಡಿದೆವು, ಸೀಲಿನ ಅಳತೆ ಎಷ್ಟು ಎಂದೆಲ್ಲ ಬರೆಸಿದರು. “ಕೆಲಸ ಆದ ಮ್ಯಾಲ ಹೇಳ್ಲಿಲ್ಲಂದ್ರ ಮುಂದಿನವನಿಗಿ ಹ್ಯಾಂಗ ತಿಳೀಬೇಕ್ರಿ?” ಸಹಾಯ ಪಡೆದವರಲ್ಲಿ ಹೀಗೆ ಹಿಂದಿರುಗಿ ಬಂದು ಹೇಳುವವರು ಹತ್ತಕ್ಕೊಬ್ಬರೂ ಇಲ್ಲ ಎಂದು ಕೊಯಮತ್ತೂರಿನವರು ಸಂತೋಷಪಟ್ಟು ಬರೆದರು.

ಈಗ ಅದೇ ಫೋರಂನಲ್ಲಿ ಉಸ್ತಾದರೂ ಉತ್ತರ ಕೊಡುತ್ತಾರೆ. ಎರಡು ತಿಂಗಳ ಹಿಂದೆ ಅಸ್ಸಾಮಿನ ಒಬ್ಬ ಮೇಷ್ಟ್ರು ಬರೆದಿದ್ದರು: ಗಾಡಿ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಶುರುವಾಗುತ್ತದೆ. ಹಲವರು ದುಬಾರಿ ಸಾಮಾನುಗಳ ಹೆಸರು ಹೇಳಿದ್ದರು. ನಿಂತಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಿಕ್ ಹೊಡೆದು ನೋಡಿ ಎಂದು ಉಸ್ತಾದ್ ಬರೆಸಿದರು. ಕೂಡಲೇ ಶುರುವಾಯಿತಂತೆ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಕಟ್ಟಿಕೊಂಡಿತ್ತು. ಒಂದು ಸೂಜಿಯಲ್ಲಿ ಕೆಲಸ ಮುಗಿಯಿತು.

ಆ ಊರು ಎಲ್ಲಿದೆ ಎಂದು ನೂರಜಹಾನ್ ನಕ್ಷೆಯಲ್ಲಿ ತೋರಿಸಿದ್ದಾರೆ. ಉಸ್ತಾದ್ ಕಲಬುರಗಿಯ ಆಚೆ ಹೈದರಾಬಾದ್ ಬಿಟ್ಟರೆ ಬೇರೆ ಊರು ಕಂಡವರಲ್ಲ.

“ಆ ಗಾಡಿ ನಾ ಕಣ್ಣಿಲೆ ನೋಡಿಲ್ರಿ. ಬಣ್ಣ ಯಾವ್ದು ಅಂತನೂ ಗೊತ್ತಿಲ್ಲ,” ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ ಜಹೀರುದ್ದೀನ್. “ಆದ್ರ ಅಸ್ಸಾಮಿನಾಗ ಒಂದು ಗಾಡಿ ನನ್ನ ಮಾತಿನ ಮ್ಯಾಲ ಓಡ್ಲಾಕತ್ತದ.”