ಭುಜ ಕೊಟ್ಟು ನೋಡದೆ ಗಾಡಿ ಬಿಡದ ಮಾಳವ್ವ

ನಾಶಿಕ್ ಬಳಿಯ ಪಿಂಪಳಗಾಂವ್ ಬಸವಂತದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆದ್ದಾರಿ ಬದಿಯ ತಗಡಿನ ಶೆಡ್ಡಿನ ಮುಂದೆ ನಿಂತ ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಮಾಳವ್ವ ಒಬ್ಬರೇ ಕೂತಿದ್ದಾರೆ. ಸೆರಗನ್ನು ಸೊಂಟಕ್ಕೆ ಬಿಗಿದು, ಭುಜವನ್ನು ಬಾಗಿಲಿಗೆ ಕೊಟ್ಟು ಜೋರಾಗಿ ನೂಕುತ್ತಾರೆ. ಟಕ್ಕೆಂದು ಮೇಲಿನ ಕೊಂಡಿ ಬಿಟ್ಟುಕೊಂಡು ಬಾಗಿಲು ಹೊರಗೆ ವಾಲುತ್ತದೆ.

"ಈ ಗಾಡಿ ಹೋಗಂಗಿಲ್ರಿ," ಎನ್ನುತ್ತಾರೆ.

ಹೊರಗೆ ದ್ರಾಕ್ಷಿ ಕೊಯ್ಲಿಗೆ ಹೊರಟ ಹೆಂಗಸರು ಚಳಿಗೆ ಮುದುಡಿಕೊಂಡು ನಿಂತಿದ್ದಾರೆ. ಅವರನ್ನು ತೋಟಗಳಿಗೆ ಒಯ್ಯುವ ಗುತ್ತಿಗೆದಾರ ರವಿಕಾಂತ ಮಾಳವ್ವನಂತೆಯೇ ಬೀದರ್ ಕಡೆಯವನು. ಅವಸರಕ್ಕೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

"ಒಂದ್ ಹಗ್ಗ ಕಟ್ಟಿ ಬಿಡ್ರಿ ಅಕ್ಕಾ. ತೋಟದ ಮಾಲಕ ಫೋನ್ ಮ್ಯಾಲ್ ಫೋನ್ ಮಾಡ್ಲತ್ತಾನ."

"ಹಗ್ಗ ಕಟ್ಟಾದಿದ್ರ ನನ್ನ ಹತ್ರ ಯಾಕ ತಂದ್ರಿ?"

"ಹಂಗಾದ್ರ ನಾಳಿಂದ ನನ್ನ ಗಾಡಿ ಎಲ್ಲಾ ಬ್ಯಾರೆ ಶೆಡ್ಡಿಗಿ ಹೋಗ್ತಾವ. ನೋಡ್ರಿ ಮತ್ತ!"

ಇದು ಬಾಯಿಮಾತಿನ ಬೆದರಿಕೆಯಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಈ ಶೆಡ್ಡಿನ ಒಲೆ ಉರಿಯುವುದೇ ರವಿಕಾಂತನ ಗಾಡಿಗಳಿಂದ. ಬೆಸುಗೆ ಕೆಲಸ ಮಾಡುವ ಗಂಡ ಗುರುಬಸವ ನಟ್ಟು ಬಿಗಿಯುವ ಪಾನಾ ಹಿಡಿದು ಹೆಂಡತಿಯ ಮುಖ ನೋಡುತ್ತಾರೆ. ಮಾಳವ್ವ ಸೀಟು ಬಿಟ್ಟು ಕದಲುವುದಿಲ್ಲ.

ಈ ಬಾಗಿಲಿನ ಕಥೆಯೇ ಬೇರೆ. ಕ್ಯಾಬಿನ್ನನ್ನು ಹಿಂದಕ್ಕೆ ಬೆಳೆಸಿ ಇನ್ನೊಂದು ಸೀಟು ಹಾಕಿಸಿದ ಪಿಕಪ್ಪುಗಳಿಗೆ ಹಿಂದೆ ಅರ್ಧ ಬಾಗಿಲು ಇರುತ್ತದೆ. ಹೊರಗೆ ಹಿಡಿಕೆಯಿಲ್ಲ, ಮುಂದಿನ ಬಾಗಿಲು ತೆರೆದರಷ್ಟೇ ಇದು ತೆರೆಯಬೇಕು. ಮೇಲೊಂದು ಕೆಳಗೊಂದು ಕೊಂಡಿ ಇದನ್ನು ಹಿಡಿದಿರುತ್ತವೆ, ಮುಂದಿನ ಬಾಗಿಲು ಇದರ ಅಂಚಿನ ಮೇಲೆ ಬಂದು ಕೂರುತ್ತದೆ. ಕೊಂಡಿ ಅರ್ಧ ಬಿದ್ದಿದ್ದರೂ ಹೊರಗಿನಿಂದ ಎಲ್ಲವೂ ಭದ್ರವಾಗಿಯೇ ಕಾಣುತ್ತದೆ.

"ಮುಂದಿನ ಬಾಗ್ಲಾ ಹಾಕಿ ನೋಡಿದ್ರ ಹಿಂದಿಂದು ಗಟ್ಟಿ ಅದ ಅನ್ಸ್ತದ್ರಿ. ಮುಂದಿಂದು ತೆಗೆದಿಟ್ಟು, ಒಳಗ ಕುಂತು ನೂಕಬೇಕು. ಆಗ ಖರೇ ಗೊತ್ತಾಗ್ತದ," ಎನ್ನುತ್ತಾರೆ ಮಾಳವ್ವ.

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಕೆಲವು ವರ್ಷಗಳ ಹಿಂದೆ ಅವರೂ ಕೊಯ್ಲಿಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಮುಂದೆ ಕೂತವನೊಬ್ಬ, ಗಾಡಿ ಓಡುತ್ತಿರುವಾಗಲೇ, ತಂಬಾಕು ಉಗುಳಲು ಬಾಗಿಲು ತುಸು ತೆರೆದ. ಇಲ್ಲಿ ದಿನಕ್ಕೆ ಹತ್ತಾರು ಸಲ ನಡೆಯುವ ಚಾಳಿ ಅದು! ಆಸರೆ ತಪ್ಪಿದ್ದೇ ತಡ, ಹಿಂದಿನ ಬಾಗಿಲು ಹಾರಿತು. ಪಕ್ಕದಲ್ಲೇ ಕೂತಿದ್ದ ನಾದಿನಿ ಹನುಮವ್ವ ರಸ್ತೆಗೆ ಬಿದ್ದರು. ಜೀವ ಉಳಿಯಿತು, ಆದರೆ ಏಟು ಬಿದ್ದ ಕೈ ಇವತ್ತಿಗೂ ತಲೆಯವರೆಗೆ ಏಳುವುದಿಲ್ಲ.

"ಅಕಿ ತಲಿ ನಾನೇ ಬಾಚ್ತೀನ್ರಿ." ಆ ಸುಗ್ಗಿಯ ನಂತರ ಮಾಳವ್ವ ಕೊಯ್ಲಿನ ಕತ್ತರಿ ಬಿಟ್ಟು ಗಂಡನ ಪಕ್ಕದಲ್ಲಿ ಪಾನಾ ಹಿಡಿದರು.

ರವಿಕಾಂತ ಇನ್ನೇನು ಹಗ್ಗ ತಂದು ತಾನೇ ಕಟ್ಟಬೇಕು, ಆಗ ಕೊಯ್ಲಿನ ಹೆಂಗಸರಲ್ಲೊಬ್ಬಳಾದ ಮಂದಾಕಿನಿ ಗಾಡಿಯ ಹತ್ತಿರ ಬಂದು ಕೈಕಟ್ಟಿ ನಿಲ್ಲುತ್ತಾಳೆ. "ಕಾಕೂ ಬಸಾ ಮ್ಹಣಾಲೀ ತರಚ ಬಸೂ!" ಕಾಕೂ, ಅಂದರೆ ಮಾಳವ್ವ, ಕೂರಿ ಅಂದರಷ್ಟೇ ಕೂರುತ್ತೇವೆ ಎಂದು ಅವಳು ಮರಾಠಿಯಲ್ಲಿ ಹೇಳಿದ್ದೇ ತಡ, ಉಳಿದವರೂ ಹಿಂದೆ ಸರಿಯುತ್ತಾರೆ. ರವಿಕಾಂತ ಹಗ್ಗವನ್ನು ನೆಲಕ್ಕೆಸೆದು, ಬೈಕ್ ಏರಿ ಹೊರಟೇ ಬಿಡುತ್ತಾನೆ.

ಕ್ಯಾಬಿನ್ನಿನ ಮಾಡಿನ ಮೇಲೆ ಈರುಳ್ಳಿ ಚೀಲ ಹೇರಿದ್ದಕ್ಕೆ ಕೊಂಡಿ ಸಿಕ್ಕಿಕೊಳ್ಳುವ ಜಾಗ ತಗ್ಗಿದೆ. ಗಂಡ ಹೆಂಡತಿ ಸೇರಿ ಅದನ್ನು ಬಿಚ್ಚಿ, ವಾಶರ್ ಕೊಟ್ಟು ಮತ್ತೆ ಬಿಗಿಯುತ್ತಾರೆ. ಮಾಳವ್ವ ಒಳಗೆ ಕೂತು ನೂಕುತ್ತಾರೆ. ಈ ಸಲ ಬಾಗಿಲು ಅಲ್ಲಾಡುವುದಿಲ್ಲ. ಹೆಂಗಸರು ಹತ್ತುತ್ತಾರೆ, ಗಾಡಿ ತೋಟದ ದಾರಿ ಹಿಡಿಯುತ್ತದೆ.

ಮರುದಿನ ರವಿಕಾಂತನ ಒಂದು ಗಾಡಿಯೂ ಬರುವುದಿಲ್ಲ. ಅದರ ಮರುದಿನವೂ ಇಲ್ಲ. "ಇಷ್ಟ್ ಜಿದ್ದ್ ಯಾಕ ಬೇಕಿತ್ತು?" ಎಂದು ಗುರುಬಸವ ಗೊಣಗುತ್ತಾರೆ. ಮಾಳವ್ವ ರೊಟ್ಟಿ ಬಡಿಯುತ್ತಾರೆ. ನಿದ್ದೆ ಅವರಿಗೂ ಬಂದಿಲ್ಲ.

ಸೋಮವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಪಿಕಪ್ ನಿಲ್ಲುತ್ತದೆ. ರವಿಕಾಂತನೇ ಓಡಿಸಿಕೊಂಡು ಬಂದಿದ್ದಾನೆ. ಪಕ್ಕದಲ್ಲಿ, ಊರಿನಿಂದ ಬಂದ ಅವನ ತಾಯಿ ನಾಗಮ್ಮ. ತ್ರ್ಯಂಬಕೇಶ್ವರಕ್ಕೆ ಹೊರಟಿದ್ದಾರಂತೆ.

"ಅವ್ವಗ ಹಿಂದ ಕಾಲ್ ಚಾಚ್ಕೊಂಡು ಕೂಡ್ಬೇಕಂತ," ಎನ್ನುತ್ತಾನೆ, ಮುಖ ಎತ್ತದೆ. "ಒಮ್ಮೆ ನೀವ್ ಕುಂತ್ ನೋಡ್ರಿ ಅಕ್ಕಾ. ನಾಳಿ ಉಳಿದ್ ಗಾಡೀನೂ ಕಳಸ್ತೀನಿ."

ಮಾಳವ್ವ ಒಳಗೆ ಕೂತು ಭುಜ ಕೊಟ್ಟು ನೂಕುತ್ತಾರೆ; ಬಾಗಿಲು ಗಟ್ಟಿಯಾಗಿದೆ. ಇಳಿದು ಬಂದು, ನಾಗಮ್ಮನ ಕೈ ಹಿಡಿದು ಹತ್ತಿಸಿ, ಹಿಂದಿನ ಬಾಗಿಲು ಮೊದಲು, ಮುಂದಿನದು ಆಮೇಲೆ, ತಾವೇ ಹಾಕುತ್ತಾರೆ.

ಕೊನೆಗೂ ಗೆದ್ದಿರಲ್ಲ ಎಂದರೆ ಅವರಿಗೆ ನಗು ಬರುತ್ತದೆ.

"ಗೆಲ್ಲಾದೇನದರಿ ಇದ್ರಾಗ? ಹಡದವ್ವನ್ನ ಕೂಡ್ಸ್ಲಾಕ ಅಂವ ಯಾವ ಶೆಡ್ಡಿಗಿ ಬಂದ, ನೋಡ್ರಿ. ನನಗ ಅಷ್ಟು ಸಾಕು."